ಕಂಡ ಮೇಲಿನ ಸುಳ್ಳು

ಚೊಳಚಗುಡ್ಡದ ಮಾಯವ್ವನ ಬಾಯಿಗೆ ಹೆದರದ ಟಗರೂ ಇರಲಿಲ್ಲ, ಗಂಡಸೂ ಇರಲಿಲ್ಲ. ದೊಡ್ಡಿಯ ಬಾಗಿಲಲ್ಲಿ ನಿಂತು ಒಮ್ಮೆ ಕೂಗು ಹಾಕಿದಳೆಂದರೆ, ಯಾರದೋ ಜೋಳದ ಹೊಲಕ್ಕೆ ನುಗ್ಗಿದ್ದ ಕುರಿ ಬಾಯಲ್ಲಿದ್ದ ದಂಟನ್ನು ಬಿಟ್ಟು ಓಡಿಬರುತ್ತಿತ್ತು. ಹಾಗಂತ ಜಗಳಗಂಟಿ ಅನ್ನಬೇಡಿ. ಬಾಯಿ ಬಿರುಸು, ಕರುಳು ಬೆಣ್ಣೆ. ಆ ಕರುಳನ್ನು ನಂಬಿಯೇ ಆಕೆ ಕೆಟ್ಟಳು.

ಗಂಡ ಹುಲ್ಲಪ್ಪ ಎಪ್ಪತ್ನಾಲ್ಕರ ಸುಮಾರಿಗೆ ತೀರಿಕೊಂಡ. ಹೊಟ್ಟೆನೋವು ಎಂದು ಬಿದ್ದು ಹೊರಳಾಡುತ್ತಿದ್ದವನನ್ನು ಗಾಡಿ ಕಟ್ಟಿ, ರೈಲು ಹತ್ತಿಸಿ, ದೂರದ ದೊಡ್ಡ ದವಾಖಾನೆಗೆ ಒಯ್ದಿದ್ದರು. ಹೊಟ್ಟೆಯೊಳಗೆ ಏನಾಗಿದೆ ಎಂದು ನೋಡುವುದಕ್ಕೆ ಆ ಕಾಲದಲ್ಲಿ ಬೇರೆ ದಾರಿ ಎಲ್ಲಿತ್ತು? ಕೊಯ್ದು ನೋಡಬೇಕು, ಇಲ್ಲವೇ ದೇವರ ಮೇಲೆ ಭಾರ ಹಾಕಬೇಕು. ಕೊಯ್ದರು, ನೋಡಿದರು, ಮಾಡುವುದು ಏನೂ ಉಳಿದಿಲ್ಲ ಎಂದು ಮತ್ತೆ ಹೊಲಿದರು. ಹೊಲಿಗೆ ಹಾಕಿದ ಜಾಗ ಕೀವಾಗಿ, ಜ್ವರ ಏರಿ, ಮನುಷ್ಯ ಹೋಗಿಬಿಟ್ಟ. "ನನ್ನ ಗಂಡ ಬ್ಯಾನಿಗೆ ಸಾಯಲಿಲ್ಲ, ನೋಡಿದ್ದಕ್ಕ ಸತ್ತ" ಎನ್ನುತ್ತಿದ್ದಳು ಮಾಯವ್ವ. ಅಂದಿನಿಂದ ದವಾಖಾನೆ ಎಂದರೆ ಆಕೆಗೆ ಎದೆ ಝಲ್ಲೆನ್ನುತ್ತಿತ್ತು.

ತವರಿಗೆ ಬಂದಳು. ತವರೆಂದರೆ ತಮ್ಮ ಮುತ್ತಪ್ಪ, ಅವನ ಹೆಂಡತಿ ಸೋಮವ್ವ. ತಾಯಿ ಬೇಗ ಸತ್ತದ್ದರಿಂದ ಮುತ್ತಪ್ಪನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಈ ಅಕ್ಕನೇ. ಈಗ ಅವನ ಮಕ್ಕಳನ್ನೂ ಹೊತ್ತಳು. ಎರಡನೆಯ ಬಾಣಂತನದಲ್ಲಿ ಸೋಮವ್ವ ಹಾಸಿಗೆ ಹಿಡಿದಿದ್ದಳು. ದೊಡ್ಡದು ರಂಗಿ, ಸಣ್ಣದು ಬೀರ್ಯಾ, ಎರಡೂ ಅತ್ತೆಯ ಮಡಿಲಲ್ಲೇ ಬೆಳೆದವು. ಅದೇ ಹೊತ್ತಿಗೆ ಕಲಾದಗಿಯಿಂದ ಒಂದು ಮಾತು ಬಂತು. ಹೆಂಡತಿ ಸತ್ತ ಒಬ್ಬ ಕುರಿಗಾರ ಮಾಯವ್ವನನ್ನು ಉಡಿಕೆ ಮಾಡಿಕೊಳ್ಳಲು ಸಿದ್ಧನಿದ್ದ. ಕುರುಬರ ಹಾಲುಮತದಲ್ಲಿ ಗಂಡ ಸತ್ತವಳು ಮತ್ತೊಬ್ಬನ ಮನೆ ತುಂಬುವುದು ಹೊಸದೇನಲ್ಲ. ಮಾಯವ್ವನಿಗೂ ಮನಸ್ಸಿತ್ತು, ಸುಳ್ಳೇಕೆ ಹೇಳಬೇಕು? ಆಗಿನ್ನೂ ಮೂವತ್ತು ತುಂಬದ ಜೀವ.

ಮುತ್ತಪ್ಪ ಕಣ್ಣೀರು ಹಾಕಿದ. "ಅಕ್ಕಾ, ನೀ ಹೋದ್ರ ಈ ಕೂಸುಗಳ ಗತಿ ಏನ? ನನಗ ತಾಯಿನೂ ನೀನ, ಅಕ್ಕನೂ ನೀನ."

ಮಾಯವ್ವ ಕಲಾದಗಿಯವರಿಗೆ ಒಲ್ಲೆನೆಂದು ಹೇಳಿ ಕಳಿಸಿದಳು. ಹತ್ತಾರು ವರ್ಷ ಕುರಿ ಕಾಯ್ದಳು, ಉಣ್ಣೆ ನೂತಳು, ರೊಟ್ಟಿ ಬಡಿದಳು, ರಂಗಿಯ ತಲೆ ಬಾಚಿದಳು, ಬೀರ್ಯಾನ ಮೂಗು ಒರೆಸಿದಳು. ಸುಖವಾಗಿಯೇ ಇದ್ದಳು ಎನ್ನಿ.

ಎಂಬತ್ತೇಳರ ಬೇಸಿಗೆಯಲ್ಲಿ ಹೊಟ್ಟೆ ಉಬ್ಬತೊಡಗಿತು. ವಾಯುವಿರಬೇಕೆಂದು ಅಜವಾನ ಕುದಿಸಿ ಕುಡಿದಳು. ಇಳಿಯಲಿಲ್ಲ. ಸೀರೆಯ ಗಂಟು ಮೇಲೆ ಮೇಲೆ ಸರಿಯತೊಡಗಿತು, ಕೈಕಾಲು ಮಾತ್ರ ಸಣಕಲಾಗುತ್ತ ಬಂದವು. ಮೊದಲು ಗಮನಿಸಿದವಳು ಸೋಮವ್ವ. ಸೂಲಗಿತ್ತಿ ಬೋರವ್ವನನ್ನು ಕರೆಸಿದಳು. ಬೋರವ್ವ ಊರ ಅರ್ಧ ಮಕ್ಕಳನ್ನು ಹಿಡಿದ ಕೈಯವಳು. ಹೊಟ್ಟೆಯ ಮೇಲೆ ಆ ಕೈಯಿಟ್ಟು ಒತ್ತಿ ನೋಡಿ, "ಒಳಗ ಮಿಸುಕಾಡತೈತಿ" ಎಂದಳು. ಪಾಪ, ಬೇಕೆಂದು ಹೇಳಿದ ಸುಳ್ಳಲ್ಲ ಅದು. ಕೈಗೇನು ಕಣ್ಣಿರುತ್ತದೆಯೇ?

ಗಡಿಗೆಯ ಬಾಯಿ ಕಟ್ಟಬಹುದು, ಜನರ ಬಾಯಿ ಕಟ್ಟಲಾದೀತೇ? ಬಸುರಿ ಎಂದ ಮೇಲೆ ಗಂಡಸೊಬ್ಬ ಬೇಕಲ್ಲ, ಅವನನ್ನೂ ಹುಡುಕಿದರು. ಬಾದಾಮಿಯ ಯಾಕೂಬಸಾಬ ಪ್ರತಿ ವರ್ಷ ಬಂದು ಮಾಯವ್ವನ ಕೈಯಿಂದಲೇ ಉಣ್ಣೆ ಕೊಳ್ಳುತ್ತಿದ್ದ. ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದ, ದರಕ್ಕಾಗಿ ಇಬ್ಬರೂ ನಗುನಗುತ್ತ ಕಚ್ಚಾಡುತ್ತಿದ್ದರು. ಊರಿಗೆ ಅಷ್ಟು ಸಾಕಾಯಿತು. ನಕ್ಕದ್ದೇ ಸಾಕ್ಷಿ!

ಅಮಾವಾಸ್ಯೆಯ ದಿನ ಬೀರಪ್ಪನ ಗುಡಿಯ ಮುಂದೆ ದೈವ ಕೂಡಿತು. ದೈವವೆಂದರೆ ಕುಲದ ಹಿರಿಯರು, ಅವರು ಹೇಳಿದ್ದೇ ಕಡೆಯ ಮಾತು. ಮಾಯವ್ವ ಗುಡಿಯ ಮೆಟ್ಟಿಲ ಕೆಳಗೆ ನಿಂತು ಹೇಳಿದಳು: "ಇದು ಬಸರಲ್ಲ. ಗಂಡ ಸತ್ತ ಮ್ಯಾಲ ನಾ ಯಾವ ಗಂಡಸಿನ ನೆರಳ ತುಳದಾಕಿ ಅಲ್ಲ. ಭಂಡಾರ ನನ್ನ ಕೈಯಾಗ ಕೊಡ್ರಿ, ನಾ ಹಿಡದು ಹೇಳತೇನಿ."

ಭಂಡಾರವೆಂದರೆ ಬೀರಪ್ಪನ ಪಾದದ ಅರಿಷಿಣ ಪುಡಿ. ಅದನ್ನು ಮುಷ್ಟಿಯಲ್ಲಿ ಹಿಡಿದು ಸುಳ್ಳಾಡಿದವನ ವಂಶ ಉಳಿಯುವುದಿಲ್ಲ ಎಂದು ಅವರ ಅಜ್ಜ ಮುತ್ತಜ್ಜರ ಕಾಲದ ನಂಬಿಕೆ. ಸಾಲ ಸುಳ್ಳಾದೀತು, ಸಾಕ್ಷಿ ಸುಳ್ಳಾದೀತು, ಭಂಡಾರದ ಮೇಲಿನ ಮಾತು ಸುಳ್ಳಾಗುವಂತಿಲ್ಲ. ಬಸುರಿ ಹೆಂಗಸು ಅದನ್ನು ಮುಟ್ಟಬಾರದೆಂದು ಹಿರಿಯರು ತಲೆಯಾಡಿಸಿದರು. ನೋಡಿ ಹೆಂಗಿದೆ! ಬಸುರಿಯಲ್ಲ ಎಂದು ಹೇಳಲು ಬಂದವಳಿಗೆ, ಬಸುರಿ ಎಂದು ಬಾಯಿ ಮುಚ್ಚಿಸಿದರು. ಮನೆಯ ಗಂಡಸು ಹಿಡಿಯಲಿ ಎಂದರು. ಅಕ್ಕ ಶುದ್ಧಳೆಂದರೆ ಹಾಗೆಂದು ಆಣೆ ಮಾಡಿ ಮನೆಯಲ್ಲಿಟ್ಟುಕೊಳ್ಳಲಿ, ಇಲ್ಲವಾದರೆ ಆಣೆ ಮಾಡಿ ಕೈಬಿಡಲಿ.

ಪೂಜಾರಿ ಹನಮಂತಪ್ಪ ಮುದುಕ, ಭಂಡಾರದ ತಾಟು ಹಿಡಿದು ಮುತ್ತಪ್ಪನ ಕಿವಿಯ ಹತ್ತಿರ ಬಗ್ಗಿದ. "ತಮ್ಮಾ, ಕಣ್ಣಲೆ ಕಾಣದ್ದರ ಮ್ಯಾಲ ಆಣಿ ಮಾಡಬ್ಯಾಡ. ಗೊತ್ತಿಲ್ಲ ಅಂತ ಅಂದುಬಿಡು."

ಮುತ್ತಪ್ಪ ಹಿರಿಯರ ಮುಖ ನೋಡಿದ. ಕುಲದಿಂದ ಹೊರಗಿಟ್ಟರೆ ರಂಗಿಯನ್ನು ಯಾರು ಮಾಡಿಕೊಳ್ಳುತ್ತಾರೆ, ತನ್ನ ಕುರಿಯನ್ನು ಯಾರು ಹಿಂಡಿನಲ್ಲಿ ಬಿಟ್ಟುಕೊಳ್ಳುತ್ತಾರೆ ಎಂಬ ದಿಗಿಲು. ಅಕ್ಕನ ಮುಖದ ಕಡೆ ಮಾತ್ರ ತಿರುಗಲಿಲ್ಲ. ಮುಷ್ಟಿ ತುಂಬ ಭಂಡಾರ ಹಿಡಿದ.

"ಆಕಿ ತಪ್ಪು ಮಾಡ್ಯಾಳ. ಇವತ್ತಿನಿಂದ ಆಕಿ ನನ್ನ ಅಕ್ಕ ಅಲ್ಲ. ನನ್ನ ಮಾತು ಸುಳ್ಳಾದ್ರ ನನ್ನ ಮಕ್ಕಳ ತಲಿ ಮ್ಯಾಲ ಬರಲಿ."

ಮಾಯವ್ವನ ಬಾಯಿಂದ ಮಾತೇ ಹೊರಡಲಿಲ್ಲ. ಅಷ್ಟು ಬಾಯಿಯ ಹೆಂಗಸು!

ಕುರಿದೊಡ್ಡಿಯ ಪಕ್ಕದ ಮುರುಕು ಗುಡಿಸಲಿನಲ್ಲಿ ಬಿದ್ದುಕೊಂಡಳು. ಹೊಟ್ಟೆ ಬೆಳೆಯುತ್ತಲೇ ಇತ್ತು. ನಡೆದರೆ ಉಸಿರು ಕಟ್ಟುತ್ತಿತ್ತು. ಒಂದು ಮಧ್ಯಾಹ್ನ ಯಾಕೂಬಸಾಬನ ಹೆಂಡತಿ ರಂಜಾನಬಿ ಬಾದಾಮಿಯಿಂದ ಸಿಟ್ಟಿನ ಮೇಲೆ ಬಂದಳು, ಈ ಸವತಿಯ ಜುಟ್ಟು ಹಿಡಿದು ಎಳೆಯಬೇಕೆಂದೇ. ಗುಡಿಸಲೊಳಗೆ ಬಗ್ಗಿ ನೋಡಿದವಳು ಹಾಗೇ ನಿಂತಳು. ಕಡ್ಡಿಯಂಥ ತೋಳು, ಗುಳಿಬಿದ್ದ ಗಲ್ಲ, ನಡುವೆ ಗುಡ್ಡದಂಥ ಹೊಟ್ಟೆ.

"ಅಲ್ಲಾ! ಇದಕ್ಕ ಬಸರು ಅಂದವ್ರು ಯಾರಽ? ಮಕ್ಕಳ ಹಡದಾಕಿ ನಾನು, ಬಸರೆಂದ್ರ ನನಗ ಗೊತ್ತಿಲ್ಲೇನು? ಬಸರಿ ಮಾರಿ ತುಂಬಿಕೊಳ್ಳತೈತಿ, ಹಿಂಗ ಬತ್ತೂದಿಲ್ಲ. ಏಳಽ ನೀ."

"ಎಲ್ಲಿಗೆ?"

"ಬಾಗಲಕೋಟಿ ದವಾಖಾನಿಗೆ."

"ಕೊಯ್ತಾರ" ಎಂದು ಮಾಯವ್ವ ಗೋಡೆಗೆ ಒರಗಿದಳು.

"ಇಲ್ಲೇ ಬಿದ್ರ ಸಾಯ್ತಿ. ನನ್ನ ಗಂಡನ ಹೆಸರೂ ನಿನ್ನ ಜೋಡಿ ಮಣ್ಣಾಗತೈತಿ. ಏಳು ಅಂದೆ!" ಜುಟ್ಟು ಹಿಡಿಯಲು ಬಂದವಳು ರಟ್ಟೆ ಹಿಡಿದು ಎಬ್ಬಿಸಿದಳು.

ಬಾಗಲಕೋಟೆಯಲ್ಲಿ ಮಥುರಾಬಾಯಿ ಎಂಬ ಹೆಣ್ಣು ಡಾಕ್ಟರು ಇದ್ದರು. ಅವರ ದವಾಖಾನೆಗೆ ಹೊಸದಾಗಿ ಸ್ಕ್ಯಾನಿಂಗ್ ಮಷೀನು ಬಂದಿತ್ತು. ಅಂಥದ್ದನ್ನು ಸುತ್ತಲಿನ ಹಳ್ಳಿಗಳವರು ಕಂಡಿರಲಿಲ್ಲ. ಹೊಟ್ಟೆಯ ಟೀವಿ ಎನ್ನುತ್ತಿದ್ದರು. ಮಂಚದ ಮೇಲೆ ಮಲಗೆಂದ ಕೂಡಲೇ ಮಾಯವ್ವ ಕೈ ಮುಗಿದು ಕೂಗಿಕೊಂಡಳು: "ಕೊಯ್ಯಬ್ಯಾಡ್ರೀ ಯವ್ವಾ! ಒಳಗ ನೋಡತೇವಿ ಅಂತ ನನ್ನ ಗಂಡನ್ನ ಹಿಂಗ ಕೊಯ್ದಿದ್ರು!"

"ಯಾರೂ ಕೊಯ್ಯೂದಿಲ್ಲವಾ. ಚಾಕೂ ಇಲ್ಲ, ಸೂಜಿನೂ ಇಲ್ಲ. ಬೇಕಾದ್ರ ನೀನೂ ನೋಡಕೋತ ಮಲಕೋ."

ಹೊಟ್ಟೆಗೆ ತಣ್ಣನೆಯ ಅಂಟೊಂದನ್ನು ಸವರಿದರು. ಮುಷ್ಟಿಯಲ್ಲಿ ಹಿಡಿಯುವಂಥ ಒಂದು ಸಾಮಾನನ್ನು ಅದರ ಮೇಲೆ ಮೆಲ್ಲಗೆ ಜಾರಿಸಿದರು. ನೋವಿಲ್ಲ, ರಕ್ತವಿಲ್ಲ. ಪಕ್ಕದ ಟೀವಿಯಲ್ಲಿ ಹೊಗೆ ತುಂಬಿದ ಅಡುಗೆಮನೆಯ ಹಾಗೆ ಬೂದಿ ಬೂದಿ ಬಣ್ಣ ಆಡಿತು. ಡಾಕ್ಟರು ಬೆರಳಿಟ್ಟು ತೋರಿಸಿದರು.

"ಇದು ಗರ್ಭಚೀಲ. ಖಾಲಿ ಅದ ನೋಡು, ಕೂಸು ಇಲ್ಲ. ಈ ದೊಡ್ಡ ಕರೀದು ಕಾಣಸ್ತದಲ್ಲ, ಇದು ನೀರು ತುಂಬಿದ ಗಡ್ಡಿ. ಗರ್ಭಚೀಲದ ಬಾಜೂಕ ಬೆಳದದ."

ಮಾಯವ್ವ ಟೀವಿಯನ್ನೇ ನೋಡಿದಳು. ಆಕೆಗೆ ಗಡ್ಡೆಯ ಹೆದರಿಕೆಯೇ ಹತ್ತಲಿಲ್ಲ. "ನಾ ಬಡಕೊಂಡಿದ್ದನ್ನ ಈ ಮಷೀನ ಹೇಳತೈತಿ ನೋಡಽ ರಂಜಾನಬಿ! ನನ್ನ ಬಾಯಿಗೆ ಕಿಮ್ಮತ್ತಿರಲಿಲ್ಲ, ಇದರ ಬಾಯಿಗಾದ್ರೂ ಐತೆಲ್ಲ!" ಎಂದು ಹೋ ಎಂದು ಅತ್ತುಬಿಟ್ಟಳು.

ಗಡ್ಡೆ ತೆಗೆಯಲೇಬೇಕಿತ್ತು. ಕತ್ತಿಯ ಮಾತೆತ್ತಿದ ಕೂಡಲೇ ಆಕೆಯ ಮುಖ ಕಪ್ಪಿಟ್ಟಿತು. ಡಾಕ್ಟರು ಕೈ ಹಿಡಿದುಕೊಂಡರು. "ನಿನ್ನ ಗಂಡನ ಕಾಲಕ್ಕ ಹುಡುಕಲಿಕ್ಕೆ ಕೊಯ್ಯಬೇಕಾಗ್ತಿತ್ತು. ಈಗ ಎಲ್ಲೆ ಅದ, ಎಷ್ಟು ಅದ ಅಂತ ಮೊದಲ ಗೊತ್ತಾಗ್ಯದ. ಗೊತ್ತಿದ್ದು ಕೊಯ್ಯೂದು ಬ್ಯಾರೆ, ಹುಡುಕಲಿಕ್ಕೆ ಕೊಯ್ಯೂದು ಬ್ಯಾರೆ. ನಿಮ್ಮವರು ಒಬ್ಬರು ಬರಬೇಕು, ಒಪ್ಪಿಗಿ ಕೊಡಬೇಕು."

ನಿಮ್ಮವರು! ಮಾಯವ್ವನಿಗೆ ತಮ್ಮನನ್ನು ಬಿಟ್ಟರೆ ಯಾರಿದ್ದರು? ಯಾಕೂಬಸಾಬ ಹೇಳಿ ಕಳಿಸಿದ. ಮುತ್ತಪ್ಪ ಬಂದ, ಬಾಗಿಲಲ್ಲೇ ತಲೆ ತಗ್ಗಿಸಿ ನಿಂತ. ಮಥುರಾಬಾಯಿಯವರು ಅವನಿಗಾಗಿಯೇ ಇನ್ನೊಮ್ಮೆ ಮಷೀನು ಹಚ್ಚಿದರು. ಎಷ್ಟು ಸಲ ನೋಡಿದರೂ ಮೈಗೆ ತ್ರಾಸಿಲ್ಲದ ನೋಟವದು. "ನೋಡಪಾ, ಇಲ್ಲೆ ಕೂಸು ಅದ ಏನು? ಇಲ್ಲ. ಕಣ್ಣು ತುಂಬ ನೋಡು. ನಿಮ್ಮಕ್ಕ ಬಸರಿ ಅಲ್ಲ, ಜಡ್ಡಿನಾಕಿ."

ಮುತ್ತಪ್ಪ ನೋಡಿದ. ಮುಂಡಾಸು ತೆಗೆದು ಅಕ್ಕನ ಕಾಲಿನ ಮೇಲೆ ಇಟ್ಟ. "ತಪ್ಪಾತು ಅಕ್ಕಾ. ನಾ ಪಾಪಿ." ಅವನ ಹೆಗಲು ಅಲುಗುತ್ತಿತ್ತು. ಮಾಯವ್ವ ಅವನ ತಲೆ ನೇವರಿಸಿದಳು. ಅಷ್ಟೂ ದಿನದ ಸಂಕಟ ಅಲ್ಲೇ ಕರಗಿ ಹೋಯಿತು. ಕರುಳು ಬೆಣ್ಣೆ ಅಂದೆನಲ್ಲ, ಹುಚ್ಚು ಕರುಳು!

"ಅಳಬ್ಯಾಡ ಹುಚ್ಚಾ. ಊರಿಗೆ ಹೋಗಿ ದೈವಕ್ಕ ಹೇಳು, ಅಷ್ಟು ಸಾಕು."

"ಇವತ್ತ ಹೇಳತೇನಿ" ಎಂದು ಮುತ್ತಪ್ಪ ಹೆಬ್ಬೆಟ್ಟೊತ್ತಿ ಹೋದ.

ಗಡ್ಡೆ ಕಲ್ಲಂಗಡಿಯಷ್ಟಿತ್ತು. ಇಡಿಯಾಗಿ ಬಂತು, ಗಾಯ ಚೊಕ್ಕವಾಗಿ ಮಾಯಿತು. ಆಸ್ಪತ್ರೆಯಿಂದ ಬಿಡುವ ಮುಂಚೆ ಡಾಕ್ಟರು ಮತ್ತೊಮ್ಮೆ ಮಷೀನು ಹಚ್ಚಿ, ಒಳಗೆಲ್ಲ ಸ್ವಚ್ಛವಾಗಿದೆ ಎಂದು ತೋರಿಸಿದರು. "ನಾ ನಿಮ್ಮೂರಿಗೆ ಬಂದು ಹಿರಿಯರಿಗೆ ಹೇಳಲೇನು?" ಎಂದು ತಾವಾಗಿಯೇ ಕೇಳಿದರು.

"ನೀವ್ಯಾಕ್ರೀ ಯವ್ವಾ? ನನ್ನ ತಮ್ಮ ಕಣ್ಣಾರೆ ಕಂಡಾನ. ಅವನಽ ಹೇಳಿರತಾನ" ಎಂದು ಮಾಯವ್ವ ನಕ್ಕಳು.

ಬಸ್ಸಿಳಿದು ಊರ ದಾರಿ ಹಿಡಿದಾಗ ಆಕೆಯ ನಡಿಗೆಯಲ್ಲೇ ಹುರುಪಿತ್ತು. ಮಕ್ಕಳಿಗೆಂದು ಸೆರಗಿನಲ್ಲಿ ಬೆಂಡು ಬತ್ತಾಸು ಕಟ್ಟಿಕೊಂಡಿದ್ದಳು. ನೀರಿನ ಕೊಡ ಹೊತ್ತ ಬೋರವ್ವ ಎದುರಿಗೆ ಸಿಕ್ಕಳು. ಕೊಡ ಇಳಿಸಿ, ಮರುಕದಿಂದ ಹತ್ತಿರ ಬಂದು, ಮೆಲ್ಲಗೆ ಕೇಳಿದಳು:

"ಹೆಣ್ಣಿತ್ತೋ, ಗಂಡಿತ್ತೋ?"

"ಏನಽ?"

"ಹೊಟ್ಟ್ಯಾಗಿನ ಕೂಸವ್ವಾ. ಸತ್ತಿತ್ತಂತ, ದವಾಖಾನ್ಯಾಗ ತಗದ್ರಂತ. ನಿನ್ನ ತಮ್ಮನಽ ದೈವದ ಮುಂದ ಹೇಳ್ಯಾನ. ಆತು ಬಿಡು, ನಿನ್ನ ಜೀವ ಉಳೀತು."

ಮಾಯವ್ವ ದಾರಿಯಲ್ಲೇ ಕುಕ್ಕರಿಸಿದಳು. ಮೈಯಲ್ಲಿ ಕತ್ತಿ ಆಡಿದಾಗ ಆಕೆಗೆ ಎಚ್ಚರವಿರಲಿಲ್ಲ, ಈಗ ಪೂರ್ತಿ ಎಚ್ಚರವಿತ್ತು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎನ್ನುತ್ತಾರೆ. ಇಲ್ಲಿ ಒದೆ ತಿನ್ನುವ ಧೈರ್ಯವೂ ಇಲ್ಲದೆ, ಒಡಹುಟ್ಟಿದವನೇ ಇಲ್ಲದ ಕೂಸನ್ನು ಹುಟ್ಟಿಸಿ, ಕೊಂದು, ಅಕ್ಕನ ತಲೆಗೆ ಕಟ್ಟಿದ್ದ.

ಮುತ್ತಪ್ಪ ಅಂಗಳದಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದ. ಮಕ್ಕಳು "ಅತ್ತೀ!" ಎಂದು ಓಡಿಬಂದರು. ಸೋಮವ್ವ ಇಬ್ಬರನ್ನೂ ಒಳಕ್ಕೆ ಎಳೆದುಕೊಂಡಳು.

"ಮುತ್ತ್ಯಾ, ಏನ ಹೇಳಿದಿ ನೀ ಊರಾಗ?"

ಮುತ್ತಪ್ಪ ಹಗ್ಗದಿಂದ ಕಣ್ಣೆತ್ತಲಿಲ್ಲ. "ಏನ ಮಾಡಲಿ ಅಕ್ಕಾ? ಭಂಡಾರ ಹಿಡದು ಆಣಿ ಮಾಡೇನಿ. ಸುಳ್ಳಾತು ಅಂತ ನನ್ನ ಬಾಯಿಲೆ ಹೇಳಿದ್ರ ನನ್ನ ಮಕ್ಕಳ ತಲಿ ಮ್ಯಾಲ ಬರತೈತಿ. ನಿನ್ನ ಜೀವ ಅಂತೂ ಉಳೀತಲ್ಲ. ಹೆಸರು ಹೋದ್ರ ಹೋಗಲಿ. ನಿನಗೇನು ಹಿಂದ ಯಾರು, ಮುಂದ ಯಾರು?"

"ನನಗ ಹಿಂದ ಮುಂದ ಯಾರೂ ಇಲ್ಲದಂಗ ಮಾಡಿದಾವ ಯಾರೋ?" ಮಾಯವ್ವನ ಕೂಗಿಗೆ ದೊಡ್ಡಿಯ ಕುರಿಗಳೆಲ್ಲ ಎದ್ದು ನಿಂತವು. "ಕಲಾದಗ್ಯಾವ್ರು ಕರಿಯಾಕ ಬಂದಾಗ ಸೆರಗ ಹಿಡದು ಅತ್ತಾವ ಯಾರು? ನಿನ್ನ ಮಕ್ಕಳ ಸಲುವಾಗಿ ನಾ ಬಂಜಿ ಉಳದೆ. ಅವರ ಸಲುವಾಗಿನ ನನ್ನ ಹೆಸರೂ ಹೂಳಿದೇನು? ಬೇಲಿನ ಎದ್ದು ಹೊಲ ಮೇದ್ರ ಯಾರಿಗೆ ಹೇಳಲೋ ನಾ?"

ಮಾಯವ್ವ ಸೀದಾ ಹನಮಂತಪ್ಪ ಪೂಜಾರಿಯ ಮನೆಗೆ ಹೋದಳು. ದೈವ ಕೂಡಿಸದ ಹೊರತು ಅವನ ಕಟ್ಟೆ ಬಿಟ್ಟು ಏಳುವುದಿಲ್ಲವೆಂದು ಹಟ ಹಿಡಿದು ಕೂತಳು.

ದೈವ ಕೂಡಿತು. ಅದೇ ಹಿರಿಯರು, ಅದೇ ಗತ್ತು. ಒಬ್ಬ ಮೀಸೆ ತಿರುವಿ, "ಮುಗದ ಮಾತು ಮತ್ಯಾಕ ಕೆದರತೀಬೇ?" ಎಂದ. ಮಾಯವ್ವ ಅವನ ಕಡೆ ತಿರುಗಿಯೂ ನೋಡಲಿಲ್ಲ. ಈ ಸಲ ಮೆಟ್ಟಿಲ ಕೆಳಗೆ ನಿಲ್ಲಲಿಲ್ಲ, ಮೇಲೆ ಹತ್ತಿ ಗುಡಿಯ ಮುಂದೆಯೇ ನಿಂತಳು. ಭಂಡಾರದ ತಾಟನ್ನು ಪೂಜಾರಿಯ ಕೈಯಿಂದ ತಾನೇ ಇಸಕೊಂಡು ತಮ್ಮನ ಮುಂದೆ ಹಿಡಿದಳು.

"ಅವತ್ತ ಕಾಣದ್ದರ ಮ್ಯಾಲ ಆಣಿ ಮಾಡಿದಿ. ಇವತ್ತ ಕಂಡದ್ದರ ಮ್ಯಾಲ ಮಾಡು. ಡಾಕ್ಟರವ್ವ ಬೆರಳಿಟ್ಟು ತೋರಸಿದ್ರಲ್ಲ, ಏನಿತ್ತಲ್ಲಿ? ಕೂಸಿತ್ತೇನು? ಹಿಡಿ ಭಂಡಾರ, ಹೇಳು."

ಮುತ್ತಪ್ಪನ ಕೈ ತಾಟಿನವರೆಗೆ ಬಂತು. ಮತ್ತೆ ಹಿಂದಕ್ಕೆ ಹೋಯಿತು.

"ಹಿಡಿಯಲಿಕ್ಕೆ ಅಂಜಿಕಿ ಬಂತೇನು? ದೇವರಿಗೆ ಮಷೀನ ಬೇಕಾಗಿಲ್ಲೋ ತಮ್ಮಾ. ಬೀರಪ್ಪಗ ಮೊದಲ ದಿನಾನ ಗೊತ್ತಿತ್ತು. ನೀ ಮಕ್ಕಳನ್ನ ಉಳಿಸೂ ಸಲುವಾಗಿ ಮುಚ್ಚಿಡಲಿಲ್ಲ. ಈ ಮಂದಿ ಮುಂದ ನಿನ್ನ ಮಾರಿ ಉಳಿಸಿಕೊಂಡಿ."

ಮುತ್ತಪ್ಪ ತಾಟಿಗೆ ಕೈ ಮುಗಿದ. ನೆಲಕ್ಕೆ ಕೂತು ಎಲ್ಲವನ್ನೂ ಒದರಿಬಿಟ್ಟ: ಟೀವಿಯಲ್ಲಿ ಕಂಡದ್ದು, ಖಾಲಿ ಗರ್ಭಚೀಲ, ನೀರಿನ ಗಡ್ಡೆ, ಊರಿಗೆ ಬಂದು ಹೇಳಿದ ಸುಳ್ಳು. ಮೀಸೆ ತಿರುವಿದ ಹಿರಿಯ ನೆಲ ನೋಡಿದ. ಯಾವ ದೊಡ್ಡವರ ಬಾಯಿಂದಲೂ ಒಂದು ತಪ್ಪಾಯಿತೆಂಬ ಮಾತು ಬರಲಿಲ್ಲ, ಬರುವುದಾದರೂ ಎಲ್ಲಿಂದ? ಗುಂಪಿನ ಹಿಂದೆ ನಿಂತಿದ್ದ ಬೋರವ್ವ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಹನಮಂತಪ್ಪ ಪೂಜಾರಿ ಮುಂದೆ ಬಂದ. "ಸುಳ್ಳ ಆಣಿ ಇಳಿಬೇಕಂದ್ರ ಒಂದ ದಾರಿ ಐತಿ. ಯಾರಿಗೆ ಅನ್ಯಾಯ ಆಗೇತಿ, ಅವರ ಕೈಲೆ ಭಂಡಾರ ಹಚ್ಚಿಸಿಕೋಬೇಕು. ಮಕ್ಕಳೂ, ಹಡದಾವನೂ. ಮಾಯವ್ವಾ, ಇನ್ನ ನಿನ್ನ ಕೈಯಾಗೈತಿ."

ಸೋಮವ್ವ ಇಬ್ಬರು ಮಕ್ಕಳನ್ನೂ ಮುಂದೆ ದೂಡಿ, ಸೆರಗೊಡ್ಡಿ ನಿಂತಳು. ರಂಗಿಗೆ ಎಲ್ಲ ತಿಳಿಯುವ ವಯಸ್ಸು, ತುಟಿ ಕಚ್ಚಿ ಅಳುತ್ತಿದ್ದಳು. ಮಾಯವ್ವ ಅವಳನ್ನು ಹತ್ತಿರಕ್ಕೆಳೆದು ಹಣೆ ತುಂಬ ಭಂಡಾರ ಬಳಿದಳು. ಬೀರ್ಯಾನಿಗೂ ಬಳಿದಳು. "ನಿಮ್ಮ ತಲಿ ಮ್ಯಾಲ ಏನೂ ಇಲ್ಲ ನನ್ನಪ್ಪಗೋಳ್ರ್ಯಾ. ಬೀರಪ್ಪನ ಮುಂದ ನಿಂತು ಹೇಳೇನಿ. ನೂರು ವರ್ಷ ಬಾಳ್ರಿ."

ಮುತ್ತಪ್ಪ ಮೊಣಕಾಲೂರಿ, ಮುಂಡಾಸು ತೆಗೆದು, ಹಣೆಯೊಡ್ಡಿದ. ಎಲ್ಲರೂ ಮಾಯವ್ವನ ಕೈಯನ್ನೇ ನೋಡುತ್ತಿದ್ದರು. ಆಕೆ ಬೆರಳಿಗೆ ಭಂಡಾರ ತೆಗೆದುಕೊಂಡಳು. ತಮ್ಮನ ನೆತ್ತಿಯನ್ನು ಬಹಳ ಹೊತ್ತು ನೋಡಿದಳು. ದವಾಖಾನೆಯಲ್ಲಿ ತಾನೇ ನೇವರಿಸಿದ್ದ ನೆತ್ತಿ.

"ಕಾಣೂ ಮೊದಲ ಅಂದದ್ದನ್ನ ಮರತೇನೋ ಮುತ್ತ್ಯಾ. ಅವತ್ತ ನಿನಗ ಗೊತ್ತಿರಲಿಲ್ಲ. ಕಂಡ ಮ್ಯಾಲ ಅಂದದ್ದನ್ನ ಹ್ಯಾಂಗ ಮರೀಲಿ?"

ಬೆರಳಲ್ಲಿದ್ದ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡು, ತಾಟನ್ನು ಪೂಜಾರಿಗೆ ಕೊಟ್ಟು, ಮೆಟ್ಟಿಲಿಳಿದು ಹೊರಟಳು.

ಆಮೇಲೆ ಮಾಯವ್ವ ಬಾದಾಮಿಗೆ ಹೋಗಿ ಅಲ್ಲೇ ನಿಂತಳು. ರಂಜಾನಬಿಯ ಓಣಿಯಲ್ಲಿ ಒಂದು ಖೋಲಿ ಹಿಡಿದು ಉಣ್ಣೆ ನೂತು ಬದುಕಿದಳು. ಹೊಟ್ಟೆಯ ಜಡ್ಡಿಗೆ ಹೆದರಿ ಕೂತ ಹೆಂಗಸರು ಸಿಕ್ಕರೆ ತಾನೇ ಜೊತೆಗೆ ಬಾಗಲಕೋಟೆಯ ರೈಲು ಹತ್ತುತ್ತಿದ್ದಳು. "ಅಂಜಬ್ಯಾಡಽ, ಆ ಮಷೀನ ಕೊಯ್ಯೂದಿಲ್ಲ, ನೋಡತೈತಿ ಅಷ್ಟ" ಎಂದು ದಾರಿಯುದ್ದಕ್ಕೂ ಧೈರ್ಯ ಹೇಳುತ್ತಿದ್ದಳು. ರಂಗಿಯ ಮದುವೆಗೆ ಹೋಗಿ ಅಕ್ಕಿಕಾಳು ಹಾಕಿ ಬಂದಳು. ಪ್ರತಿ ಅಮಾವಾಸ್ಯೆಗೆ ಮುತ್ತಪ್ಪ ಚೊಳಚಗುಡ್ಡದಿಂದ ಬರುತ್ತಿದ್ದ, ಭಂಡಾರದ ಪುಡಿ ಕಟ್ಟಿದ ಸಣ್ಣ ಗಂಟನ್ನು ಆಕೆಯ ಮುಂದಿಟ್ಟು ಕೂರುತ್ತಿದ್ದ. ಮಾಯವ್ವ ಬಿಸಿ ರೊಟ್ಟಿ ಬಡಿದು ಹಾಕುತ್ತಿದ್ದಳು, ಮಕ್ಕಳನ್ನು ವಿಚಾರಿಸುತ್ತಿದ್ದಳು, ಮೊಸರು ಬೇಕೇ ಎಂದು ಕೇಳುತ್ತಿದ್ದಳು. ಉಂಡು ಕೈ ತೊಳೆದ ಮೇಲೆ ಅವನು ಆ ಗಂಟನ್ನು ಬಿಚ್ಚದೆ ಹಾಗೆಯೇ ಎತ್ತಿಕೊಂಡು ಹೋಗುತ್ತಿದ್ದ.